ಒಂದು ಹಿಡಿ ಮಣ್ಣು: ಎಬೋಲಾ ಕಾಲದಲ್ಲಿ ಹೆಣ ಹೊತ್ತವರ ಪ್ರಕರಣ

ನಮ್ಮಲ್ಲಿ ‘ಮಣ್ಣಿಗೆ ಹೋಗಿಬರೋದು’ ಅಂತ ಒಂದು ಮಾತಿದೆ. ಮದುವೆ ತಪ್ಪಿದರೆ ಯಾರೂ ಜಾಸ್ತಿ ದಿನ ನೆನಪಿಟ್ಟುಕೊಳ್ಳುವುದಿಲ್ಲ. ಮಣ್ಣು ತಪ್ಪಿದರೆ ಮನೆತನ ಮನೆತನಗಳ ನಡುವೆ ಮಾತು ನಿಂತುಹೋಗುತ್ತದೆ. ಸತ್ತವರಿಗೆ ಸ್ನಾನ ಮಾಡಿಸಬೇಕು, ಒಳ್ಳೆಯ ಬಟ್ಟೆ ಹಾಕಬೇಕು, ಕೊನೆಗೆ ಒಂದು ಹಿಡಿ ಮಣ್ಣು ಹಾಕಬೇಕು. ಇದನ್ನು ಯಾರೂ ನಮಗೆ ಕಲಿಸಿಕೊಡಲಿಲ್ಲ. ನೋಡಿ ನೋಡಿ ಕಲಿತದ್ದು.

ಈಗ ಹೀಗೆ ಯೋಚಿಸಿ. ಮನೆಯಲ್ಲಿ ಅಮ್ಮ ತೀರಿಕೊಂಡಿದ್ದಾಳೆ. ಮುಖವೇ ಕಾಣದ ಹಾಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಐದಾರು ಜನ ಬರುತ್ತಾರೆ. ಯಾರನ್ನೂ ಮಾತಾಡಿಸುವುದಿಲ್ಲ. ಮನೆ ತುಂಬಾ ಕ್ಲೋರಿನ್ ಸಿಂಪಡಿಸುತ್ತಾರೆ. ಹೆಣವನ್ನು ಕಪ್ಪು ಚೀಲಕ್ಕೆ ತುಂಬಿ ಪಿಕಪ್ ಗಾಡಿಗೆ ಹಾಕಿ ಹೊರಡುತ್ತಾರೆ. ಎಲ್ಲಿಗೆ ಅಂತ ಹೇಳುವುದಿಲ್ಲ. ನೀವೇನು ಮಾಡುತ್ತೀರಿ? ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಇವರಿಗೆ ಫೋನ್ ಮಾಡುತ್ತೀರಾ?

2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ ದೇಶಗಳ ಜನ ಇದೇ ಪ್ರಶ್ನೆ ಎದುರಿಸಿದರು. ಎಷ್ಟೋ ಮನೆಗಳು ಫೋನ್ ಮಾಡಲಿಲ್ಲ. ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಟ್ಟರು, ಹೆಣವನ್ನು ರಾತ್ರಿ ಕದ್ದು ಹೂತರು. ಎಬೋಲಾ ಎಂಬ ಮಾರಕ ವೈರಸ್ ಜ್ವರ ಅದೇ ದಾರಿಯಲ್ಲಿ ಹರಡಿತು. ಆ ದಾರಿ ಮುಚ್ಚಿದ್ದರಲ್ಲಿ ದೊಡ್ಡ ಪಾಲು ರೆಡ್ ಕ್ರಾಸ್ ಸ್ವಯಂಸೇವಕರದ್ದು, ಮಸೀದಿಯ ಇಮಾಮರು ಮತ್ತು ಚರ್ಚಿನ ಪಾದ್ರಿಗಳದ್ದು, ಹಳ್ಳಿಯ ಹಿರಿಯರದ್ದು, ಸ್ಥಳೀಯ ಸಂಘ ಸಂಸ್ಥೆಗಳದ್ದು. ‘ನಾಗರಿಕ ಸಮಾಜ’ ಅಂದರೆ ಏನು, ಅಂತರರಾಷ್ಟ್ರೀಯ ಬಿಕ್ಕಟ್ಟಿನಲ್ಲಿ ಅದರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಕರಣವನ್ನೇ ಹೇಳುತ್ತೇನೆ.

ರೋಗ ಹಿಡಿದ ದಾರಿ

2013ರ ಡಿಸೆಂಬರ್‌ನಲ್ಲಿ ಗಿನಿಯ ಕಾಡುಸೀಮೆಯ ಮೆಲಿಯಾಂಡು ಎಂಬ ಸಣ್ಣ ಹಳ್ಳಿಯಲ್ಲಿ ಒಂದು ಪುಟ್ಟ ಮಗು ಜ್ವರದಿಂದ ತೀರಿಕೊಂಡಿತು. ಆಮೇಲೆ ಅದರ ಮನೆಯವರು, ನೋಡಿಕೊಂಡವರು ಒಬ್ಬೊಬ್ಬರಾಗಿ ಸತ್ತರು. ಇದು ಎಬೋಲಾ ಎಂದು ಗೊತ್ತಾಗಿದ್ದು 2014ರ ಮಾರ್ಚ್‌ನಲ್ಲಿ. ಅಲ್ಲಿಗೆ ಮೂರು ತಿಂಗಳು ಕಳೆದಿತ್ತು. ಆ ಭಾಗದಲ್ಲಿ ಮೂರೂ ದೇಶಗಳ ಗಡಿಗಳು ಕೂಡುತ್ತವೆ. ಗಡಿಯ ಆಚೆ ಈಚೆ ಇರುವವರು ಅದೇ ಕಿಸ್ಸಿ ಜನ, ಅದೇ ನೆಂಟರು. ಸಂತೆಗೂ ಸಾವಿಗೂ ಗಡಿ ದಾಟಿ ಹೋಗಿಬರುವುದು ಅವರಿಗೆ ದಿನನಿತ್ಯದ ಮಾತು.

ಎಬೋಲಾ ಗಾಳಿಯಲ್ಲಿ ಹರಡುವ ರೋಗ ಅಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಮುಟ್ಟಿದರೆ ಬರುತ್ತದೆ. ರೋಗ ಏರಿದ ಹಾಗೆ ಮೈಯಲ್ಲಿ ವೈರಸ್ ಹೆಚ್ಚುತ್ತಾ ಹೋಗುತ್ತದೆ, ಸಾಯುವ ಹೊತ್ತಿಗೆ ತುಂಬಿಕೊಂಡಿರುತ್ತದೆ. ಅಂದರೆ ಎಲ್ಲಕ್ಕಿಂತ ಅಪಾಯದ್ದು ಆಗಷ್ಟೇ ಸತ್ತವರ ಮೈ. ಆ ಮೈಯನ್ನೇ ತೊಳೆದು, ಸವರಿ, ಅಪ್ಪಿಕೊಂಡು ಕಳಿಸುವುದು ಅಲ್ಲಿನ ರೂಢಿ. ರೋಗ ಹಿಡಿದದ್ದು ಜನರ ಪ್ರೀತಿಯ ದಾರಿಯನ್ನೇ.

ಸಿಯೆರಾ ಲಿಯೋನ್‌ನ ಗಡಿಯ ಹತ್ತಿರ, ಸೋಕೋಮಾ ಎಂಬ ಹಳ್ಳಿಯಲ್ಲಿ ಹೆಸರಾಂತ ನಾಟಿವೈದ್ಯೆಯೊಬ್ಬರಿದ್ದರು. ಗಿನಿಯಿಂದ ರೋಗಿಗಳು ಗಡಿ ದಾಟಿ ಅವರ ಹತ್ತಿರ ಬರುತ್ತಿದ್ದರು. ಅವರಿಗೂ ರೋಗ ತಗುಲಿ ತೀರಿಕೊಂಡಾಗ ಸುತ್ತಲಿನ ಊರುಗಳಿಂದ ಜನ ಮಣ್ಣಿಗೆ ಬಂದರು. ಆ ಒಂದು ಸಾವಿನ ಮನೆಗೆ 365ರಷ್ಟು ಸಾವುಗಳ ಸರಪಳಿಯನ್ನು ತನಿಖೆ ಜೋಡಿಸಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. ಗಿನಿಯಲ್ಲಿ 2014ರ ಆಗಸ್ಟ್ ಹೊತ್ತಿಗೆ ಪ್ರಕರಣಗಳಲ್ಲಿ ಶೇ. 60ರಷ್ಟು ಅಂತ್ಯಕ್ರಿಯೆಗಳಿಗೆ ನಂಟು ಹೊಂದಿದ್ದವು.

ಮೊದಲು ಕೂಗಿದವರು

ಗಡಿ ಇಲ್ಲದ ವೈದ್ಯರು ಎಂದು ನಾವು ಕರೆಯುವ ಎಂಎಸ್‌ಎಫ್ ಸಂಸ್ಥೆ ಮಾರ್ಚ್ ಕೊನೆಯಲ್ಲೇ ಹೇಳಿತ್ತು, ಇಂಥ ಎಬೋಲಾವನ್ನು ಹಿಂದೆ ಕಂಡಿಲ್ಲ ಎಂದು. ಜೂನ್‌ನಲ್ಲಿ ‘ಕೈಮೀರಿದೆ’ ಎಂದು ಕೂಗಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಿಸಿದ್ದು ಆಗಸ್ಟ್ 8ಕ್ಕೆ. ನಡುವಿನ ಆ ವಾರಗಳಲ್ಲಿ ಸಿಯೆರಾ ಲಿಯೋನ್‌ನ ಕೆನೆಮಾ ಊರಿನ ಸರ್ಕಾರಿ ಆಸ್ಪತ್ರೆಯ ಡಾ. ಶೇಖ್ ಉಮರ್ ಖಾನ್ ತಮ್ಮ ರೋಗಿಗಳ ಜೊತೆಗೇ ರೋಗ ಹಿಡಿದು ತೀರಿಕೊಂಡರು. ಜುಲೈ 29ರಂದು. ಸಿಯೆರಾ ಲಿಯೋನ್‌ನಲ್ಲಿ ಇಂಥ ಜ್ವರಗಳನ್ನು ಅಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಸೆಪ್ಟೆಂಬರ್ 2ರಂದು ಎಂಎಸ್‌ಎಫ್ ಅಧ್ಯಕ್ಷೆ ಜೊಆನ್ ಲಿಯು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ನಿಂತು, ಜೈವಿಕ ಅಪಾಯ ಎದುರಿಸಲು ತರಬೇತಿ ಇರುವ ಸೇನಾ ತಂಡಗಳನ್ನೂ ಕಳಿಸಿ ಎಂದು ಕೇಳಿದರು. ಯುದ್ಧಭೂಮಿಯಲ್ಲೂ ಸೈನ್ಯದಿಂದ ದೂರ ನಿಲ್ಲುವ ಸಂಸ್ಥೆ ಅದು. ಅದೇ ಬಾಯಿಬಿಟ್ಟು ಕೇಳಬೇಕಾಯಿತು ಅಂದರೆ ಅವರ ಕೈ ಎಷ್ಟು ಸೋತಿತ್ತು ಅಂತ ಊಹಿಸಬಹುದು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಅವರ ಚಿಕಿತ್ಸಾ ಕೇಂದ್ರದ ಗೇಟಿನಿಂದ ರೋಗಿಗಳನ್ನು ವಾಪಸ್ ಕಳಿಸುವ ಸ್ಥಿತಿ ಬಂದಿತ್ತು. ಸೆಪ್ಟೆಂಬರ್ 18ರಂದು ಭದ್ರತಾ ಮಂಡಳಿ ಸಭೆ ಸೇರಿದಾಗ ಅದೇ ಸಂಸ್ಥೆಯ ಲೈಬೀರಿಯಾದ ಕಾರ್ಯಕರ್ತ ಜಾಕ್ಸನ್ ನಿಯಾಮಾ ಮನ್ರೋವಿಯಾದಿಂದ ವಿಡಿಯೊದಲ್ಲಿ ಮಾತನಾಡಿದರು. ಒಂದು ರೋಗವನ್ನು ವಿಶ್ವಶಾಂತಿಗೇ ಬೆದರಿಕೆ ಎಂದು ಮಂಡಳಿ ಅಂದು ನಿರ್ಣಯ ಮಾಡಿತು. ಮುಂದೆ ಹಣ, ಹಾಸಿಗೆ, ಪ್ರಯೋಗಾಲಯ, ಗಾಡಿಗಳು ಬರತೊಡಗಿದವು. ಈ ಕೂಗು ಇರದಿದ್ದರೆ ಅವು ಇನ್ನೂ ತಡವಾಗುತ್ತಿದ್ದವು.

ಆದರೆ ಹಣ ಬಂದ ಮಾತ್ರಕ್ಕೆ ಜನ ಬರುತ್ತಾರಾ?

ಭಯದ ಬೆಳೆ

ಮೊದಮೊದಲ ಪ್ರಚಾರದಲ್ಲಿ ‘ಎಬೋಲಾಕ್ಕೆ ಮದ್ದಿಲ್ಲ’ ಎಂದು ಹೇಳುತ್ತಾ ಹೋದರು. ಜಾಗೃತಿ ಮೂಡಲಿ ಅಂತಲೇ ಹೇಳಿದ್ದು. ಜನ ಅದನ್ನು ನಂಬಿದರು. ಮದ್ದೇ ಇಲ್ಲ ಅಂದ ಮೇಲೆ ಆಸ್ಪತ್ರೆಗೆ ಹೋಗಿ ಪರಕೀಯರ ನಡುವೆ ಸಾಯುವುದಕ್ಕಿಂತ ಮನೆಯಲ್ಲೇ ಸಾಯೋಣ ಎಂದುಕೊಂಡರು. ಇದನ್ನು ಮೂಢನಂಬಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹೇಳಿದ ಮಾತಿನಿಂದ ಸರಿಯಾಗಿಯೇ ಹೊರಟ ತೀರ್ಮಾನ ಅದು.

ಆಸ್ಪತ್ರೆಗೆ ಹೋದವರು ಮರಳುತ್ತಿರಲಿಲ್ಲ, ಹೆಣವೂ ಮನೆಗೆ ಬರುತ್ತಿರಲಿಲ್ಲ. ಅಂಗಾಂಗ ಕದಿಯುತ್ತಾರೆ, ಕ್ಲೋರಿನ್‌ನಲ್ಲೇ ರೋಗ ಇದೆ ಎಂಬ ಗುಸುಗುಸು ಹಬ್ಬಿತು. ಸೆಪ್ಟೆಂಬರ್ 16ರಂದು ಗಿನಿಯ ವೋಮೆ ಎಂಬ ಊರಿಗೆ ಜಾಗೃತಿ ಮೂಡಿಸಲು ಹೋದ ತಂಡದ ಎಂಟು ಜನರನ್ನು ಕೊಂದುಹಾಕಿದರು. ಅವರಲ್ಲಿ ಆರೋಗ್ಯ ಕಾರ್ಯಕರ್ತರಿದ್ದರು, ಪತ್ರಕರ್ತರಿದ್ದರು. ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯಲ್ಲಿ ಬೇರೆ ಕಡೆಯ ರೋಗಿಗಳನ್ನೂ ತಂದಿಟ್ಟಿದ್ದ ಕೇಂದ್ರವನ್ನು ಆಗಸ್ಟ್ 16ರಂದು ಜನ ಲೂಟಿ ಮಾಡಿದರು. ನಾಲ್ಕು ದಿನ ಬಿಟ್ಟು ಸರ್ಕಾರ ಇಡೀ ಬಡಾವಣೆಯನ್ನು ಸೈನ್ಯದ ಮೂಲಕ ದಿಗ್ಬಂಧಿಸಿತು. ಗುಂಡು ಹಾರಿ ಒಬ್ಬ ಹುಡುಗ ಸತ್ತ. ಹತ್ತು ದಿನಕ್ಕೆ ದಿಗ್ಬಂಧನ ತೆಗೆಯಬೇಕಾಯಿತು. ಬಂದೂಕಿನಿಂದ ರೋಗ ನಿಲ್ಲಲಿಲ್ಲ, ಜನರ ಮತ್ತು ಸರ್ಕಾರದ ನಡುವೆ ಉಳಿದಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು.

ಕೇಳಿದ ಮೇಲೆ ಸಿಕ್ಕ ದಾರಿ

ಗಿನಿಯಲ್ಲಿ ಬಸುರಿ ಹೆಂಗಸೊಬ್ಬಳು ತೀರಿಕೊಂಡಳು. ಕಿಸ್ಸಿ ಜನರ ನಂಬಿಕೆಯಲ್ಲಿ ತಾಯಿಯನ್ನು ಹೊಟ್ಟೆಯೊಳಗಿನ ಕೂಸಿನ ಸಮೇತ ಹೂಳುವಂತಿಲ್ಲ. ಹಾಗೆ ಮಾಡಿದರೆ ಹುಟ್ಟು ಸಾವಿನ ಕ್ರಮವೇ ಕೆಟ್ಟು ಊರಿಗೆ ಕೇಡು. ಕೂಸನ್ನು ಹೊರತೆಗೆದು ಬೇರೆಯಾಗಿ ಹೂಳಬೇಕು. ವೈದ್ಯರಿಗೆ ಅದು ಸಾಧ್ಯವೇ ಇಲ್ಲದ ಮಾತು. ಆ ಹೆಣಕ್ಕೆ ಚಾಕು ತಾಗಿಸಿದವರ ಜೀವಕ್ಕೇ ಅಪಾಯ. ಮನೆಯವರು ಹೆಣ ಬಿಟ್ಟುಕೊಡಲಿಲ್ಲ, ವೈದ್ಯರು ಒಪ್ಪಲಿಲ್ಲ. ಎರಡೂ ಕಡೆಯವರು ಊರು ಉಳಿಸಲೆಂದೇ ಹಟ ಹಿಡಿದಿದ್ದರು.

ಆಗ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಕ್ಯಾಮರೂನ್‌ನ ಮಾನವಶಾಸ್ತ್ರಜ್ಞೆ ಜೂಲಿಯನ್ ಅನೋಕೊ ಹಿರಿಯರ ಹತ್ತಿರ ಕೂತು ಒಂದೇ ಪ್ರಶ್ನೆ ಕೇಳಿದರು: ಹಿಂದೆ ಯಾವಾಗಲಾದರೂ ಈ ಕ್ರಮ ತಪ್ಪಿದ್ದರೆ ಏನು ಮಾಡುತ್ತಿದ್ದಿರಿ? ಹುಡುಕಿದಾಗ ಒಬ್ಬ ಮುದುಕರಿಗೆ ಗೊತ್ತಿತ್ತು. ತಪ್ಪಿಗೆ ಪರಿಹಾರವಾಗಿ ಮಾಡುವ ಒಂದು ಶಾಂತಿಕಾರ್ಯ ಇತ್ತು. ಅದರ ಖರ್ಚನ್ನು ಸಂಸ್ಥೆ ಕೊಟ್ಟಿತು. ಶಾಂತಿಯಾಯಿತು, ತಾಯಿಯನ್ನು ಸುರಕ್ಷಿತವಾಗಿ ಹೂತರು.

ನನಗೆ ಈ ಇಡೀ ಪ್ರಕರಣದ ತಿರುಳು ಇಲ್ಲಿದೆ ಅನ್ನಿಸುತ್ತದೆ. ನಮ್ಮಲ್ಲೂ ಪ್ರತಿ ಶಾಸ್ತ್ರಕ್ಕೂ ಒಂದು ಪರಿಹಾರ ಇರುತ್ತದೆ ಅಲ್ವಾ? ಸೂತಕದಲ್ಲಿ ಮಾಡಲಾಗದಿದ್ದರೆ ಹೀಗೆ, ಊರಲ್ಲಿ ಇಲ್ಲದಿದ್ದರೆ ಹಾಗೆ ಅಂತ. ಯಾವ ಜನರ ಕಟ್ಟುಕಟ್ಟಳೆಯೂ ಕಲ್ಲಿನ ಗೋಡೆ ಅಲ್ಲ. ಬಾಗಿಲು ಇದ್ದೇ ಇರುತ್ತದೆ. ಆದರೆ ಅದು ಎಲ್ಲಿದೆ ಎಂದು ಒಳಗಿನವರಿಗೆ ಮಾತ್ರ ಗೊತ್ತು. ಹೊರಗಿನಿಂದ ಬಂದವರು ಕೂತು ಕೇಳಬೇಕು. ಗಿನಿಯ ಕಾಡುಸೀಮೆಯಲ್ಲಿ ಸೇತುವೆ ಕಿತ್ತು, ಮರ ಕಡಿದು ಅಡ್ಡ ಹಾಕಿ ಯಾರನ್ನೂ ಒಳಗೆ ಬಿಡದ 26 ಹಳ್ಳಿಗಳಿದ್ದವು. ಅವು ಬಾಗಿಲು ತೆರೆದದ್ದೂ ಹೀಗೆ ಕೂತು ಮಾತನಾಡಿದ ಮೇಲೆ.

ಸಿಯೆರಾ ಲಿಯೋನ್‌ನಲ್ಲಿ ಈ ಕೆಲಸ ಇನ್ನೂ ವ್ಯಾಪಕವಾಗಿ ನಡೆಯಿತು. ಅಲ್ಲಿ ಫೋಕಸ್ 1000 ಎಂಬ ಸ್ಥಳೀಯ ಸಂಸ್ಥೆ ಇಮಾಮರ ಮತ್ತು ಪಾದ್ರಿಗಳ ಜಾಲಗಳನ್ನು ಕಟ್ಟಿತ್ತು. ಅವರು ಆರೋಗ್ಯ ಇಲಾಖೆಯ ಸೂಚನೆಯನ್ನು ಸುಮ್ನೆ ಓದಿ ಹೇಳಲಿಲ್ಲ. ತಮ್ಮ ಗ್ರಂಥಗಳನ್ನೇ ತೆರೆದರು. ಯುದ್ಧದಲ್ಲಿ ಮಡಿದ ಹುತಾತ್ಮರ ಮೈ ತೊಳೆಯದೆ ಹೂಳುವ ಪದ್ಧತಿ ಇಸ್ಲಾಂನಲ್ಲಿದೆ. ಇಮಾಮರು ಅದನ್ನು ನೆನಪಿಸಿದರು. ತೊಳೆಯದಿದ್ದರೆ ಅಪ್ಪನಿಗೆ ಸದ್ಗತಿ ಇಲ್ಲ ಎಂದು ಅಳುತ್ತಿದ್ದ ಮಗನಿಗೆ ಈ ಮಾತು ಎಂಥ ಸಮಾಧಾನ ಕೊಟ್ಟಿರಬೇಕು. ಯಾವ ಆರೋಗ್ಯಾಧಿಕಾರಿ ಈ ಮಾತು ಹೇಳಿದ್ದರೂ ಆತ ನಂಬುತ್ತಿರಲಿಲ್ಲ.

ಅಲ್ಲೇ ಗೋಲ್, ರೆಸ್ಟ್‌ಲೆಸ್ ಡೆವಲಪ್‌ಮೆಂಟ್, ಬಿಬಿಸಿ ಮೀಡಿಯಾ ಆ್ಯಕ್ಷನ್ ಮುಂತಾದ ಸಂಸ್ಥೆಗಳು ಫೋಕಸ್ 1000 ಜೊತೆ ಕೈಜೋಡಿಸಿದವು. ಎರಡು ಸಾವಿರಕ್ಕೂ ಜಾಸ್ತಿ ಸ್ಥಳೀಯ ಯುವಕ ಯುವತಿಯರು ಹಳ್ಳಿ ಹಳ್ಳಿಗೆ ಹೋದರು. ಅವರ ಪದ್ಧತಿ ನನಗೆ ಇಷ್ಟ. ಅವರು ಭಾಷಣ ಮಾಡುತ್ತಿರಲಿಲ್ಲ. ರೋಗ ನಿಮ್ಮೂರಿಗೆ ಬಂದರೆ ಮೊದಲು ಯಾರಿಗೆ ಬರುತ್ತದೆ, ಆಮೇಲೆ ಯಾರು, ಆ ಮನೆಗೆ ಯಾರು ಹೋಗುತ್ತಾರೆ ಎಂದು ಕೇಳುತ್ತಾ ಹೋಗುತ್ತಿದ್ದರು. ಊರವರೇ ಲೆಕ್ಕ ಹಾಕಿ, ಊರವರೇ ನಿಯಮ ಮಾಡಿಕೊಳ್ಳುತ್ತಿದ್ದರು. ಕೈಲಾಹುನ್ ಕಡೆ ಸೀಮೆಯ ಮುಖ್ಯಸ್ಥರು ಇದಕ್ಕೂ ಮೊದಲೇ ತಮ್ಮದೇ ಕಟ್ಟಳೆ ಹೊರಡಿಸಿದ್ದರು. ಕದ್ದು ಹೂತರೆ ದಂಡ, ಪರವೂರಿನವರನ್ನು ಹೇಳದೆ ಇಟ್ಟುಕೊಂಡರೆ ದಂಡ.

ಚೀಲದ ಬಣ್ಣ

2014ರ ನವೆಂಬರ್ 7ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತ್ಯಕ್ರಿಯೆಗೆ ಹೊಸ ನಿಯಮ ಹೊರಡಿಸಿತು. ರೆಡ್ ಕ್ರಾಸ್ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ, ಇಸ್ಲಾಮಿಕ್ ರಿಲೀಫ್, ಕಾರಿತಾಸ್, ವರ್ಲ್ಡ್ ವಿಷನ್ ಇವೆಲ್ಲ ಸೇರಿ ಬರೆದ ನಿಯಮ ಅದು. ಅದರ ಹೆಸರಲ್ಲೇ ‘ಸುರಕ್ಷಿತ’ ಎಂಬುದರ ಪಕ್ಕ ‘ಗೌರವಯುತ’ ಎಂಬ ಪದ ಸೇರಿತು.

ಏನು ಬದಲಾಯಿತು? ತಂಡ ಮೊದಲು ಮಾಮೂಲಿ ಬಟ್ಟೆಯಲ್ಲೇ ಮನೆಗೆ ಬರುತ್ತದೆ, ಮುಖ ತೋರಿಸುತ್ತದೆ, ದುಃಖ ಹಂಚಿಕೊಳ್ಳುತ್ತದೆ. ಏನೇನು ಮಾಡುತ್ತೇವೆ ಅಂತ ಹೇಳಿ ಒಪ್ಪಿಗೆ ಪಡೆದ ಮೇಲೆ ಪಿಪಿಇ ತೊಡುತ್ತದೆ. ಹೆಣಕ್ಕೆ ಹಾಕಬೇಕಾದ ಬಟ್ಟೆ, ಜೊತೆಗೆ ಇಡಬೇಕಾದ ವಸ್ತು ಇದ್ದರೆ ಮನೆಯವರು ಕೊಡಬಹುದು. ಮುಸ್ಲಿಮರಾದರೆ ನೀರಿಲ್ಲದ ಶುದ್ಧಿ ಮಾಡಿ ಬಿಳಿ ಬಟ್ಟೆ ಹೊದಿಸಬಹುದು. ಗುಂಡಿಯನ್ನು ಮನೆಯವರೇ ತೋಡಬಹುದು. ದೂರ ನಿಂತು ಪ್ರಾರ್ಥಿಸಬಹುದು. ಮೊದಲ ಹಿಡಿ ಮಣ್ಣನ್ನು ಅವರೇ ಹಾಕಬಹುದು. ಗೋರಿಯ ಮೇಲೆ ಹೆಸರು ಇರಬೇಕು. ಕಪ್ಪು ಚೀಲ ಹೋಗಿ ಬಿಳಿ ಚೀಲ ಬಂತು, ಏಕೆಂದರೆ ಅಲ್ಲಿ ಸತ್ತವರಿಗೆ ಹೊದಿಸುವುದು ಬಿಳಿ.

ಇದನ್ನೆಲ್ಲ ಸಣ್ಣ ವಿಷಯ ಅಂದುಕೊಳ್ಳಬೇಡಿ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯ ಒಂದು ವಿಡಿಯೊ ನಾವೆಲ್ಲ ನೋಡಿದ್ದೇವೆ. ಪಿಪಿಇ ಕಿಟ್ ತೊಟ್ಟವರು ಕೊರೊನಾದಿಂದ ಸತ್ತವರನ್ನು ಒಂದರ ಮೇಲೊಂದು ಗುಂಡಿಗೆ ಎಸೆಯುವ ವಿಡಿಯೊ. ಜಿಲ್ಲಾಡಳಿತ ಕ್ಷಮೆ ಕೇಳಿತು, ಆ ಸಿಬ್ಬಂದಿಯನ್ನು ಅಮಾನತು ಮಾಡಿತು. ರೋಗಶಾಸ್ತ್ರದ ಲೆಕ್ಕದಲ್ಲಿ ಆ ಹೂಳುವಿಕೆಯಿಂದ ಯಾರಿಗೂ ಸೋಂಕು ಹರಡಿರಲಿಕ್ಕಿಲ್ಲ. ಆದರೂ ಆ ರಾತ್ರಿ ನಮ್ಮಲ್ಲಿ ಎಷ್ಟು ಜನರಿಗೆ ನಿದ್ದೆ ಬರಲಿಲ್ಲ! ಬಿಳಿ ಚೀಲ ಯಾಕೆ ಬೇಕಿತ್ತು ಎಂದು ನಮಗೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

ಆ ನಿಯಮವನ್ನು ಕಾಗದದಿಂದ ಅಂಗಳಕ್ಕೆ ಇಳಿಸಿದವರು ಸ್ವಯಂಸೇವಕರು. ಹೆಚ್ಚಿನವರು ಅದೇ ಊರು ಕೇರಿಯ ಹುಡುಗರು, ಕೆಲವು ಕಡೆ ಹುಡುಗಿಯರೂ. ಸುಡುವ ಬಿಸಿಲಲ್ಲಿ ಆ ಪ್ಲಾಸ್ಟಿಕ್ ಒಳಗೆ ಜಾಸ್ತಿ ಹೊತ್ತು ಇರಲಾಗುವುದಿಲ್ಲ. ದಿನಕ್ಕೆ ಹಲವು ಮನೆ. ರೆಡ್ ಕ್ರಾಸ್ ತಂಡಗಳು ಮೂರು ದೇಶಗಳಲ್ಲಿ ಸೇರಿ 47,000ಕ್ಕೂ ಹೆಚ್ಚು ಅಂತ್ಯಕ್ರಿಯೆ ನಡೆಸಿದವು. ಈ ಅಂತ್ಯಕ್ರಿಯೆಗಳಿಂದ ತಪ್ಪಿದ ಸೋಂಕುಗಳು ಕಡಿಮೆ ಅಂದರೆ 1,411, ಹೆಚ್ಚೆಂದರೆ 10,452 ಎಂದು 2017ರ ಒಂದು ಅಧ್ಯಯನ ಅಂದಾಜು ಮಾಡಿತು. ಅಂದಾಜಿನ ಅಂತರ ದೊಡ್ಡದು, ಒಪ್ಪುತ್ತೇನೆ. ಹಾಗಿದ್ದರೂ ಕಡಿಮೆ ಅಂಕಿಯೇ ಒಂದು ದೊಡ್ಡ ಹಳ್ಳಿಯಷ್ಟು ಜನ.

ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಡುತ್ತೇನೆ. ಅಮೆರಿಕದ ಸೇನೆ ಲೈಬೀರಿಯಾದಲ್ಲಿ 11 ಚಿಕಿತ್ಸಾ ಕೇಂದ್ರ ಕಟ್ಟಿತು. ಅವುಗಳಲ್ಲಿ ಚಿಕಿತ್ಸೆ ಪಡೆದ ಎಬೋಲಾ ರೋಗಿಗಳು ಒಟ್ಟು 28. ಒಂಬತ್ತು ಕೇಂದ್ರಗಳಿಗೆ ಒಬ್ಬ ಎಬೋಲಾ ರೋಗಿಯೂ ಬರಲಿಲ್ಲ. ಅವು ತೆರೆಯುವ ಹೊತ್ತಿಗೆ ರೋಗ ಇಳಿಮುಖವಾಗಿತ್ತು. ವೆಸ್ಟ್ ಪಾಯಿಂಟ್‌ನಂಥ ಕಡೆ ಕೇರಿಯ ಯುವಕರೇ ಮನೆ ಮನೆ ಸುತ್ತಿ ಜ್ವರ ಬಂದವರನ್ನು ಹುಡುಕುತ್ತಿದ್ದರು, ಬಾಗಿಲಲ್ಲಿ ಕೈ ತೊಳೆಯುವ ಬಕೆಟ್ ಇಡಿಸುತ್ತಿದ್ದರು. ಸೇನೆ ಬಂದದ್ದು ವ್ಯರ್ಥ ಎನ್ನುತ್ತಿಲ್ಲ. ಅವರ ಪ್ರಯೋಗಾಲಯಗಳು ನಿಜಕ್ಕೂ ನೆರವಾದವು. ಹಾಸಿಗೆ ಇಲ್ಲದೆ ಎಷ್ಟು ಒಳ್ಳೆಯ ಮಾತು ಆಡಿದರೂ ರೋಗಿ ಉಳಿಯುವುದಿಲ್ಲ. ಆದರೆ ನಂಬಿಕೆಯನ್ನು ವಿಮಾನದಲ್ಲಿ ತಂದಿಳಿಸಲು ಆಗಲಿಲ್ಲ. ಅದು ಅಲ್ಲೇ ಇದ್ದವರ ಹತ್ತಿರ ಇತ್ತು.

ಹೊತ್ತವರಿಗೆ ಸಿಕ್ಕಿದ್ದು

ಈ ಹುಡುಗರನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದನ್ನೂ ಬರೆಯದಿದ್ದರೆ ಪ್ರಕರಣ ಅರ್ಧ. ಬಾಡಿಗೆ ಮನೆಯಿಂದ ಎಬ್ಬಿಸಿದರು. ಹೆಂಡತಿ ಮಕ್ಕಳು ದೂರ ಸರಿದರು. ಅಂಗಡಿಯವರು ಕೈಯಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಗಿನಿಯಲ್ಲಿ ರೆಡ್ ಕ್ರಾಸ್ ತಂಡಗಳ ಮೇಲೆ ತಿಂಗಳಿಗೆ ಸರಾಸರಿ ಹತ್ತು ಸಲ ಹಲ್ಲೆಯಾಗುತ್ತಿದೆ ಎಂದು ಸಂಸ್ಥೆ 2015ರ ಆರಂಭದಲ್ಲಿ ಹೇಳಿತು. ಕೆನೆಮಾದಲ್ಲಿ ಅಪಾಯದ ಭತ್ಯೆ ಬಾರದೆ ಬೇಸತ್ತ ಅಂತ್ಯಕ್ರಿಯೆ ತಂಡದವರು 2014ರ ನವೆಂಬರ್‌ನಲ್ಲಿ ಹೆಣಗಳನ್ನು ಆಸ್ಪತ್ರೆಯ ಮುಂದೆ ಇಟ್ಟು ಮುಷ್ಕರ ಮಾಡಿದರು. ಆ ಕೆಲಸವನ್ನು ನಾನು ಸಮರ್ಥಿಸಲಾರೆ. ಆದರೆ ವಾರಗಟ್ಟಲೆ ಭತ್ಯೆ ಕೊಡದೆ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದನ್ನು ಇನ್ನೂ ಸಮರ್ಥಿಸಲಾರೆ.

ಇನ್ನೊಂದು ಕಹಿ ಸಂಗತಿ. ಎಬೋಲಾ ಕಾರ್ಯಾಚರಣೆಯಲ್ಲಿ ತಮ್ಮ 60 ಲಕ್ಷ ಡಾಲರ್‌ಗೂ ಹೆಚ್ಚು ಹಣ ವಂಚನೆಗೆ ಹೋಗಿದೆ ಎಂದು ರೆಡ್ ಕ್ರಾಸ್ ಒಕ್ಕೂಟವೇ 2017ರಲ್ಲಿ ಒಪ್ಪಿಕೊಂಡಿತು. ಸಿಯೆರಾ ಲಿಯೋನ್‌ನಲ್ಲಿ ಬ್ಯಾಂಕ್ ಸಿಬ್ಬಂದಿಯ ಜೊತೆ ಸೇರಿ ಹಣ ಹೊಡೆದಿದ್ದರು. ಗಿನಿಯಲ್ಲಿ ಕಸ್ಟಮ್ಸ್ ಬಿಲ್ ಉಬ್ಬಿಸಿದ್ದರು. ಲೈಬೀರಿಯಾದಲ್ಲಿ ಸಾಮಾನಿನ ಬೆಲೆ ಏರಿಸಿ ತೋರಿಸಿದ್ದರು. ಒಂದು ಕಡೆ ಭತ್ಯೆ ಇಲ್ಲದೆ ಹೆಣ ಹೊತ್ತ ಹುಡುಗರಿದ್ದರು, ಇನ್ನೊಂದು ಕಡೆ ಇದು. ಸ್ವಯಂಸೇವಾ ಸಂಸ್ಥೆ ಎಂದ ಮಾತ್ರಕ್ಕೆ ಲೆಕ್ಕ ಕೇಳಬಾರದು ಅಂತೇನಿಲ್ಲ. ಜನರ ನಂಬಿಕೆಯ ಮೇಲೆ ನಿಂತವರನ್ನು ಇನ್ನೂ ಜಾಸ್ತಿ ಕೇಳಬೇಕು.

2016ರ ಮಾರ್ಚ್ 29ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಎಂದಿತು. ಒಟ್ಟು 28,600ಕ್ಕೂ ಹೆಚ್ಚು ಜನರಿಗೆ ರೋಗ ಬಂದಿತ್ತು, 11,300ಕ್ಕೂ ಹೆಚ್ಚು ಜನ ಸತ್ತಿದ್ದರು. ಸತ್ತವರಲ್ಲಿ ಐನೂರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು.

ಡಿಸ್ಕೊ ಹಿಲ್

ಲೈಬೀರಿಯಾದ ಕಥೆ ಒಂದು ಬಾಕಿ ಇದೆ. ಅದರಲ್ಲಿ ನಮ್ಮ ದೇಶದವರ ನೆರಳೂ ಇದೆ.

2014ರ ಆಗಸ್ಟ್ ಆರಂಭದಲ್ಲಿ ಮನ್ರೋವಿಯಾದ ಹೊರವಲಯದ ಜಾನ್ಸನ್‌ವಿಲ್‌ನಲ್ಲಿ ಹೆಣ ಹೂಳಲು ಹೋದಾಗ ಅಲ್ಲಿನ ಜನ ತಡೆದರು. ಜೌಗು ನೆಲ, ಗುಂಡಿಯಲ್ಲಿ ನೀರು. ಬೇರೆ ದಾರಿ ಕಾಣದೆ ಸರ್ಕಾರ ಎಬೋಲಾ ಹೆಣಗಳನ್ನು ಸುಡಬೇಕೆಂದು ಆದೇಶ ಮಾಡಿತು. ಲೈಬೀರಿಯಾದ ಜನ ಸುಡುವವರಲ್ಲ. ಅವರಿಗೆ ಚಿತಾಗಾರವೇ ಇರಲಿಲ್ಲ. ರಾಜಧಾನಿಯ ಹತ್ತಿರ ಮಾರ್ಷಲ್ ಎಂಬಲ್ಲಿ ಇದ್ದದ್ದು ಅಲ್ಲಿ ನೆಲೆಸಿದ ಭಾರತೀಯರು ತಮ್ಮವರಿಗಾಗಿ ಕಟ್ಟಿಕೊಂಡದ್ದು. ನಮ್ಮಲ್ಲಿ ಬಹಳ ಜನರಿಗೆ ಬೆಂಕಿ ಅಂದರೆ ಮುಕ್ತಿಯ ದಾರಿ. ಅವರಿಗೆ ಅದು ಮೈಯನ್ನೇ ಇಲ್ಲವಾಗಿಸುವ ಶಿಕ್ಷೆಯ ಹಾಗೆ ಕಂಡಿತು. ಸುಡುತ್ತಾರೆ ಎಂಬ ಭಯಕ್ಕೇ ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಕದ್ದು ಹೂತರು.

ಡಿಸೆಂಬರ್ ಕೊನೆಯಲ್ಲಿ ಮಾರ್ಗಿಬಿ ಸೀಮೆಯ ಡಿಸ್ಕೊ ಹಿಲ್ ಎಂಬ ಗುಡ್ಡದಲ್ಲಿ ಹೊಸ ಸ್ಮಶಾನ ತೆರೆದರು. ಅಂತ್ಯಕ್ರಿಯೆ ತಂಡಗಳಿಗೆ ಬೆಂಬಲವಾಗಿ ನಿಂತ ಗ್ಲೋಬಲ್ ಕಮ್ಯೂನಿಟೀಸ್ ಎಂಬ ಸಂಸ್ಥೆ ಇದರ ಹಿಂದೆಯೂ ಇತ್ತು. ಸುತ್ತಲಿನ ಜನರ ಜೊತೆ ಮಾತನಾಡಿ ಅವರ ಒಪ್ಪಿಗೆ ಪಡೆದರು. ಸುಡುವುದು ನಿಂತಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಅಲ್ಲಿ ಜಾಗ ಇತ್ತು, ಮನೆಯವರು ಬಂದು ದೂರದಲ್ಲಿ ನಿಂತು ನೋಡಬಹುದಿತ್ತು.

ಲೈಬೀರಿಯಾದಲ್ಲಿ ಮಾರ್ಚ್ ತಿಂಗಳ ಎರಡನೇ ಬುಧವಾರ ಹಿರಿಯರ ಗೋರಿಗಳ ದಿನ. ಜನ ಸ್ಮಶಾನಕ್ಕೆ ಹೋಗಿ ಕಳೆ ಕಿತ್ತು, ಗೋರಿಗೆ ಸುಣ್ಣ ಬಣ್ಣ ಬಳಿದು, ಹೂವಿಟ್ಟು ಬರುತ್ತಾರೆ. 2015ರ ಆ ದಿನ ಬರುವ ಹೊತ್ತಿಗೆ, ಮಾರ್ಷಲ್‌ನಲ್ಲಿ ಸುಟ್ಟವರ ಬೂದಿಯನ್ನು ಡ್ರಮ್‌ಗಳಲ್ಲಿ ತುಂಬಿ ಡಿಸ್ಕೊ ಹಿಲ್‌ಗೆ ತಂದಿದ್ದರು. ಯಾವ ಡ್ರಮ್‌ನಲ್ಲಿ ಯಾರ ತಾಯಿ, ಯಾರ ಮಗ ಎಂದು ಹೇಳುವ ದಾರಿ ಇರಲಿಲ್ಲ. ಬಣ್ಣ ಬಳಿಯಲು ಗೋರಿ ಇಲ್ಲದವರು ಆ ಡ್ರಮ್‌ಗಳ ಹತ್ತಿರ ಬಂದು ನಿಂತರು.